ಆರೈಕೆಯ ಮನೆಗೆ ಆರ್ಥಿಕ ಆಸರೆ: ಹೊಲ ಮಾರುವ ಮುನ್ನ ತಿಳಿಯಬೇಕಾದದ್ದು

ಮನೆಯ ಹಿರಿಯರೊಬ್ಬರಿಗೋ ದುಡಿಯುವ ಮಗನಿಗೋ ಕ್ಯಾನ್ಸರ್, ಹೃದ್ರೋಗ, ಮೂತ್ರಪಿಂಡದ ವೈಫಲ್ಯದಂತಹ ದೊಡ್ಡ ಕಾಯಿಲೆ ಬಂದಿದೆಯೆಂದು ವೈದ್ಯರು ತಿಳಿಸಿದ ದಿನ ಆ ಮನೆಗೆ ಎರಡು ಚಿಂತೆಗಳು ಒಟ್ಟಿಗೇ ಕಾಲಿಡುತ್ತವೆ. ಜೀವ ಉಳಿದೀತೇ ಎಂಬುದು ಒಂದು. ಹಣವನ್ನು ಎಲ್ಲಿಂದ ಹೊಂದಿಸುವುದು ಎಂಬುದು ಇನ್ನೊಂದು. ಮೊದಲನೆಯದನ್ನು ಬಂಧುಬಳಗದವರೊಡನೆ ಹೇಳಿಕೊಂಡು ಹಗುರಾಗುತ್ತೇವೆ. ಎರಡನೆಯದನ್ನು ರೋಗಿಯ ಎದುರು ಆಡುವಂತಿಲ್ಲ. ನೆಂಟರ ಎದುರು ಆಡಲು ನಾಚಿಕೆ. ಹೀಗೆ ಒಳಗೇ ಉಳಿದ ಈ ಚಿಂತೆಯೇ ಅವಸರದ ನಿರ್ಧಾರಗಳಿಗೆ ಕಾರಣವಾಗುತ್ತದೆ. ಒಂದೇ ವಾರದಲ್ಲಿ ತಾಳಿಯ ಸರ ಅಡವಿಗೆ ಹೋಗುತ್ತದೆ, ಹೊಲದ ಪಹಣಿ ಸಾಲ ಕೊಡುವವರ ಕೈ ಸೇರುತ್ತದೆ. ನೆರವಿನ ದಾರಿಗಳು ಇದ್ದವೆಂದು ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತದೆ.

ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ 2013-14ರಲ್ಲಿ ನಮ್ಮ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 64.2ರಷ್ಟನ್ನು ಜನರೇ ತಮ್ಮ ಕೈಯಿಂದ ಭರಿಸುತ್ತಿದ್ದರು. 2021-22ರ ವೇಳೆಗೆ ಆ ಪ್ರಮಾಣ ಶೇ. 39.4ಕ್ಕೆ ಇಳಿದಿದೆ. ಈ ಇಳಿಕೆ ಸಮಾಧಾನ ತರುವಂಥದ್ದೇ. ಆದರೂ ನೂರು ರೂಪಾಯಿಯಲ್ಲಿ ಸುಮಾರು ನಲವತ್ತು ರೂಪಾಯಿ ಇಂದಿಗೂ ಮನೆಯವರ ಕೈಯಿಂದಲೇ ಹೋಗುತ್ತಿದೆ. ಆ ಹೊರೆಯನ್ನು ಕಡಿಮೆ ಮಾಡಿಕೊಳ್ಳುವ ದಾರಿಗಳು ಯಾವುವು, ಅವುಗಳನ್ನು ಯಾವ ಕ್ರಮದಲ್ಲಿ ಹಿಡಿಯಬೇಕು ಎಂಬುದನ್ನು ಭಕ್ತ ಬಂಧುಗಳ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಮೊದಲು ರೆಫರಲ್, ಅನಂತರ ದಾಖಲು

ನಮ್ಮ ರಾಜ್ಯದ ಕುಟುಂಬಗಳಿಗೆ ಇರುವ ಬಹುದೊಡ್ಡ ಆಸರೆ 'ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ' ಯೋಜನೆ. 2018ರ ಮಾರ್ಚ್ ತಿಂಗಳಲ್ಲಿ 'ಆರೋಗ್ಯ ಕರ್ನಾಟಕ' ಎಂಬ ಹೆಸರಿನಿಂದ ಆರಂಭವಾದ ಈ ಯೋಜನೆ ಅದೇ ವರ್ಷದ ಕೊನೆಯ ಭಾಗದಲ್ಲಿ ಕೇಂದ್ರದ ಆಯುಷ್ಮಾನ್ ಯೋಜನೆಯೊಡನೆ ಒಂದಾಯಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ. ಬಿಪಿಎಲ್ ಅಥವಾ ಅಂತ್ಯೋದಯ ಪಡಿತರ ಚೀಟಿ ಉಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಉಚಿತ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಗಳಿಗೆ ಏನೂ ಸಿಗದೆಂದು ಅನೇಕರು ತಿಳಿದಿದ್ದಾರೆ, ಅದು ಸರಿಯಲ್ಲ. ಅವರಿಗೆ ಸರ್ಕಾರ ನಿಗದಿಪಡಿಸಿದ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ, ಟ್ರಸ್ಟ್ ಭರಿಸುತ್ತದೆ.

ಈ ಯೋಜನೆಯಲ್ಲಿ ಮುಖ್ಯವಾಗಿ ಅರಿಯಬೇಕಾದ ಸಂಗತಿಗಳು ಎರಡು. ತುರ್ತು ಎಂದು ಪಟ್ಟಿಯಾಗಿರುವ ಚಿಕಿತ್ಸೆಗಳನ್ನು ಬಿಟ್ಟರೆ, ರೋಗಿಯು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆಯ ಸೌಲಭ್ಯ ಇಲ್ಲದಿದ್ದಾಗ ಆ ಆಸ್ಪತ್ರೆಯೇ ರೆಫರಲ್ ಪತ್ರ ಕೊಡುತ್ತದೆ. ಆ ಪತ್ರವನ್ನು ಹಿಡಿದು ಯೋಜನೆಯಲ್ಲಿ ನೋಂದಾಯಿತವಾದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಎರಡನೆಯದಾಗಿ, ಇದು ನಗದುರಹಿತ ವ್ಯವಸ್ಥೆ. ಮೊದಲು ಕೈಯಿಂದ ಹಣ ಕಟ್ಟಿ, ಚಿಕಿತ್ಸೆ ಮುಗಿದ ಮೇಲೆ ರಸೀದಿಗಳನ್ನು ಒಯ್ದು ಹಣ ಕೇಳಲು ಇದರಲ್ಲಿ ಅವಕಾಶವಿಲ್ಲ. ಆದುದರಿಂದ ರೋಗಿಯನ್ನು ನೇರವಾಗಿ ದೊಡ್ಡ ಆಸ್ಪತ್ರೆಗೆ ಒಯ್ದು, ಮುಂಗಡ ಕಟ್ಟಿ, ಶಸ್ತ್ರಚಿಕಿತ್ಸೆಯೂ ಆದ ಬಳಿಕ ಕಾರ್ಡ್ ತೋರಿಸಿದರೆ ಪ್ರಯೋಜನವಾಗುವುದಿಲ್ಲ. ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಂಡು, "ಈ ಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿದೆಯೇ? ಅನುಮೋದನೆ ಬಂದಿದೆಯೇ? ಇದರ ಹೊರತು ನಾವು ಏನಾದರೂ ಕಟ್ಟಬೇಕೇ?" ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಸಂದೇಹವಿದ್ದರೆ 104ಕ್ಕೆ ಕರೆ ಮಾಡಿ ವಿಚಾರಿಸಬಹುದು. ಆಯುಷ್ಮಾನ್ ಯೋಜನೆಯ ರಾಷ್ಟ್ರೀಯ ಸಹಾಯವಾಣಿ 14555.

ಆಭಾ ಸಂಖ್ಯೆಯೂ ಆಯುಷ್ಮಾನ್ ಕಾರ್ಡೂ ಒಂದೇ ಎಂಬ ತಪ್ಪು ತಿಳಿವಳಿಕೆಯೂ ಇದೆ. ಆಭಾ ಎಂಬುದು ನಮ್ಮ ಆರೋಗ್ಯ ದಾಖಲೆಗಳನ್ನು ಒಂದೆಡೆ ಜೋಡಿಸುವ ಸಂಖ್ಯೆ ಮಾತ್ರ. ಅದರಿಂದ ಚಿಕಿತ್ಸೆಯ ಹಣ ಬರುವುದಿಲ್ಲ. ಯೋಜನೆಯ ಕಾರ್ಡನ್ನು ಬೇರೆಯಾಗಿಯೇ ಮಾಡಿಸಿಕೊಳ್ಳಬೇಕು. ಆಧಾರ್‌ನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರು ಇದ್ದರೆ ಕಾಯಿಲೆಯ ನಡುವೆ ಕಚೇರಿಗಳಿಗೆ ಅಲೆಯುವ ಸ್ಥಿತಿ ಬರುತ್ತದೆ. "ಬಸವ್ವ" ಒಂದರಲ್ಲಿ, "ಬಸಮ್ಮ" ಇನ್ನೊಂದರಲ್ಲಿ ಇರುವುದು ನಮ್ಮ ಹಳ್ಳಿಗಳಲ್ಲಿ ಅಪರೂಪವೇನಲ್ಲ. ಮನೆಯವರೆಲ್ಲ ಆರೋಗ್ಯವಾಗಿರುವಾಗಲೇ ಇದನ್ನು ಸರಿಪಡಿಸಿಕೊಳ್ಳುವುದು ಲೇಸು.

ದುಡಿಮೆಯ ಹಕ್ಕಿನಿಂದ ಬರುವ ನೆರವು

ಮನೆಯವರು ಏನು ಕಾಯಕ ಮಾಡುತ್ತಾರೆ ಎಂಬುದರಿಂದಲೂ ಕೆಲವು ಸೌಲಭ್ಯಗಳು ಒದಗುತ್ತವೆ. ಗ್ರಾಮೀಣ ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಇದೆ. 2003ರಲ್ಲಿ ಜಾರಿಗೆ ಬಂದ ಈ ಯೋಜನೆ 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ವರ್ಷಕ್ಕೊಮ್ಮೆ ನಿಗದಿತ ಅವಧಿಯೊಳಗೆ ವಂತಿಗೆ ಕಟ್ಟಿ ಹೆಸರು ನೋಂದಾಯಿಸಿದ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಚೀಟಿಯುಳ್ಳ ರೈತ ಕುಟುಂಬಗಳಿಗೆ ಇದು ದೊಡ್ಡ ಅನುಕೂಲ. ನೋಂದಣಿಯ ಅವಧಿ ಮುಗಿದರೆ ಮುಂದಿನ ವರ್ಷದವರೆಗೆ ಕಾಯಬೇಕಾಗುವುದರಿಂದ ಆ ದಿನಾಂಕವನ್ನು ಸಂಘದ ಕಾರ್ಯದರ್ಶಿಯವರಲ್ಲಿ ಕೇಳಿ ನೆನಪಿನಲ್ಲಿಡಬೇಕು.

ಕಾರ್ಖಾನೆ, ಅಂಗಡಿ, ಗಾರ್ಮೆಂಟ್ಸ್ ಮುಂತಾದ ಕಡೆ ತಿಂಗಳಿಗೆ 21,000 ರೂಪಾಯಿಯವರೆಗೆ ವೇತನ ಪಡೆಯುವವರು ಸಾಮಾನ್ಯವಾಗಿ ಇಎಸ್ಐ ವ್ಯಾಪ್ತಿಗೆ ಬರುತ್ತಾರೆ. ಇದರಲ್ಲಿ ಕಾರ್ಮಿಕರಿಗೆ ಮಾತ್ರವಲ್ಲದೆ ಅವರ ಅವಲಂಬಿತ ತಂದೆತಾಯಿಗಳಿಗೂ ಚಿಕಿತ್ಸೆ ಉಂಟು. ಕಾರ್ಮಿಕರೇ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ಹಣ ಬರುತ್ತದೆ. ಕ್ಯಾನ್ಸರ್, ಕ್ಷಯ ಮೊದಲಾದ 34 ದೀರ್ಘಕಾಲದ ಕಾಯಿಲೆಗಳಿಗೆ, ಸೇವೆಯ ಷರತ್ತುಗಳನ್ನು ಪೂರೈಸಿದವರಿಗೆ, ಎರಡು ವರ್ಷಗಳವರೆಗೆ ಶೇ. 80ರಷ್ಟು ದೊರೆಯುವ ಅವಕಾಶವಿದೆ. ಸಂಬಳ ನಿಂತರೆ ಮನೆ ನಡೆಯುವುದು ಹೇಗೆ ಎಂದು ಚಿಂತಿಸುವವರು ಇದನ್ನು ತಪ್ಪದೆ ವಿಚಾರಿಸಬೇಕು. ಭವಿಷ್ಯ ನಿಧಿಯ ಖಾತೆ ಇದ್ದವರು ತಮ್ಮ ಅಥವಾ ಕುಟುಂಬದವರ ಕಾಯಿಲೆಗಾಗಿ ಅದರಿಂದ ಹಣ ಹಿಂಪಡೆಯಬಹುದು; ಅದು ಬಡ್ಡಿ ಕಟ್ಟಬೇಕಾದ ಸಾಲವಲ್ಲ. ಗಾರೆ ಕೆಲಸ, ಸೆಂಟ್ರಿಂಗ್, ಬಣ್ಣ ಬಳಿಯುವ ಕೆಲಸ ಮಾಡುವವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿದ್ದರೆ ಅಲ್ಲಿಯೂ ಪ್ರಮುಖ ಕಾಯಿಲೆಗಳಿಗೆ ಸಹಾಯಧನ ಇದೆ. ರಾಜ್ಯ ಸರ್ಕಾರಿ ನೌಕರರ ಕುಟುಂಬಗಳಿಗೆ ಪ್ರತ್ಯೇಕ ನಗದುರಹಿತ ಯೋಜನೆ ಇದೆ.

ಖಾಸಗಿ ವಿಮೆ ಮಾಡಿಸಿದವರೂ ತಮ್ಮ ಹಕ್ಕುಗಳನ್ನು ಅರಿತಿರಬೇಕು. ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯಂತೆ, ನಗದುರಹಿತ ಚಿಕಿತ್ಸೆಯ ಕೋರಿಕೆಗೆ ವಿಮಾ ಕಂಪನಿಯು ಒಂದು ಗಂಟೆಯೊಳಗೆ ಉತ್ತರಿಸಬೇಕು. ಬಿಡುಗಡೆಯ ವೇಳೆಯ ಅಂತಿಮ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು. ಕ್ಲೇಮನ್ನು ಕಾರಣವಿಲ್ಲದೆ ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು, ನ್ಯಾಯ ದೊರೆಯದಿದ್ದಾಗ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಮನವಿ ಸಲ್ಲಿಸಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಯೋಜನೆ ಸಾಲದಿದ್ದಾಗ

ಕೆಲವೊಮ್ಮೆ ಚಿಕಿತ್ಸೆ ಪಟ್ಟಿಯಲ್ಲಿರುವುದಿಲ್ಲ, ಕೆಲವೊಮ್ಮೆ ಮಿತಿ ಮೀರುತ್ತದೆ. ಆಗ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಸಲ್ಲಿಸಬಹುದು. ಆಸ್ಪತ್ರೆಯು ಕೊಟ್ಟ ವೆಚ್ಚದ ಅಂದಾಜು ಪಟ್ಟಿ ಅಥವಾ ಮೂಲ ರಸೀದಿಗಳು, ವೈದ್ಯರ ಪತ್ರ, ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪುಸ್ತಕದ ಪ್ರತಿ ಇವುಗಳನ್ನು ಜೋಡಿಸಬೇಕು. ಕ್ಷೇತ್ರದ ಶಾಸಕರ ಶಿಫಾರಸು ಪತ್ರವಿದ್ದರೆ ಅನುಕೂಲ. ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿಯು 1948ರಲ್ಲಿ ದೇಶವಿಭಜನೆಯಿಂದ ನೆಲೆ ಕಳೆದುಕೊಂಡವರಿಗಾಗಿ ಸ್ಥಾಪನೆಯಾಯಿತು. ಇಂದು ಅದು ಹೃದಯ ಶಸ್ತ್ರಚಿಕಿತ್ಸೆ, ಮೂತ್ರಪಿಂಡ ಕಸಿ, ಕ್ಯಾನ್ಸರ್ ಚಿಕಿತ್ಸೆಗಳಿಗೂ ನೆರವಾಗುತ್ತಿದೆ. ಮಂಜೂರಾದ ಹಣ ನೇರವಾಗಿ ಆಸ್ಪತ್ರೆಗೆ ಹೋಗುತ್ತದೆ. ಆದ್ದರಿಂದ ಚಿಕಿತ್ಸೆಗೆ ಮೊದಲೇ ಅರ್ಜಿ ಹಾಕಬೇಕು.

ಬಡತನ ರೇಖೆಗಿಂತ ಕೆಳಗಿರುವವರ ಮಾರಣಾಂತಿಕ ಕಾಯಿಲೆಗಳಿಗಾಗಿ 1997ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆರಂಭಿಸಿದ ರಾಷ್ಟ್ರೀಯ ಆರೋಗ್ಯ ನಿಧಿ ಇನ್ನೊಂದು ದಾರಿ. ಇದು ಸರ್ಕಾರಿ ಆಸ್ಪತ್ರೆಗಳ ಮೂಲಕ ದೊರೆಯುತ್ತದೆ. ಮಕ್ಕಳಲ್ಲಿ ಕಾಣುವ ಅಪರೂಪದ ಆನುವಂಶಿಕ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿಯಡಿ, ಅನಂತರದ ತಿದ್ದುಪಡಿಯಂತೆ, 50 ಲಕ್ಷ ರೂಪಾಯಿಯವರೆಗೆ ನೆರವಿದೆ. ಇದಕ್ಕೆ ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯೊಡನೆ ಕೂಡಿಕೊಂಡ ಮಾನವ ತಳಿವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬೇಕು.

ಖರ್ಚೇ ಕಡಿಮೆಯಿರುವ ಸ್ಥಳವನ್ನು ಆರಿಸಿಕೊಳ್ಳುವುದೂ ಒಂದು ಬಗೆಯ ನೆರವೇ. ಕ್ಯಾನ್ಸರಿಗೆ ಕಿದ್ವಾಯಿ ಸ್ಮಾರಕ ಸಂಸ್ಥೆ, ಹೃದಯಕ್ಕೆ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿರುವ ಜಯದೇವ ಆಸ್ಪತ್ರೆಗಳು, ಮೆದುಳು ಮತ್ತು ನರಗಳಿಗೆ ನಿಮ್ಹಾನ್ಸ್, ಮೂತ್ರಪಿಂಡಕ್ಕೆ ನೆಫ್ರೊ-ಯುರಾಲಜಿ ಸಂಸ್ಥೆ ಇವೆಲ್ಲ ಸಾರ್ವಜನಿಕ ಸಂಸ್ಥೆಗಳು. ಇಲ್ಲಿ ಕಾಯುವ ಸಾಲು ಉದ್ದ ಎಂಬುದು ದಿಟ. ಆದರೆ ತಜ್ಞರ ಅನುಭವದಲ್ಲಿ ಇವು ಯಾವ ದೊಡ್ಡ ಆಸ್ಪತ್ರೆಗೂ ಕಡಿಮೆಯಲ್ಲ. ಡಯಾಲಿಸಿಸ್ ಬೇಕಾದ ಬಡ ರೋಗಿಗಳಿಗೆ 2016ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಗಳಲ್ಲಿ ಉಚಿತ ಸೇವೆ ಇದೆ. ನಮ್ಮ ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಈ ಸೌಲಭ್ಯ ಉಂಟು. ವಾರಕ್ಕೆ ಎರಡು ಮೂರು ಬಾರಿ ದೂರದ ನಗರಕ್ಕೆ ಓಡಾಡುವ ಮೊದಲು ಸಮೀಪದಲ್ಲಿ ವಿಚಾರಿಸುವುದು ವಿವೇಕ.

ಬಿಲ್ಲಿನಲ್ಲಿ ಕಾಣದ ಖರ್ಚು

ಆಸ್ಪತ್ರೆಯ ಬಿಲ್ಲನ್ನು ಯೋಜನೆಯೇ ಭರಿಸಿದರೂ ಮನೆ ಸಾಲಕ್ಕೆ ಬೀಳುವುದುಂಟು. ಬಸ್ಸಿನ ಖರ್ಚು, ಊಟ, ವಸತಿ, ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ನುಂಗಬೇಕಾದ ಮಾತ್ರೆಗಳು, ಆರೈಕೆ ಮಾಡುವವರು ಕಳೆದುಕೊಂಡ ಕೂಲಿ ಇವೆಲ್ಲ ಹನಿಹನಿಯಾಗಿ ಸೋರಿಹೋಗುವ ಹಣ.

ಇದಕ್ಕೂ ಕೆಲವು ಉಪಾಯಗಳಿವೆ. ಚಿಕಿತ್ಸೆಗಾಗಿ ಪ್ರಯಾಣ ಮಾಡುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಥರ್ಡ್ ಎ.ಸಿ. ದರ್ಜೆಗಳಲ್ಲಿ ಪೂರ್ಣ ರಿಯಾಯಿತಿ, ಜೊತೆಗಾರರಿಗೆ ಶೇ. 75ರಷ್ಟು ರಿಯಾಯಿತಿ ಇದೆ. ಹೃದಯ ಶಸ್ತ್ರಚಿಕಿತ್ಸೆ, ಡಯಾಲಿಸಿಸ್‌ಗಾಗಿ ಹೋಗುವವರಿಗೂ ರಿಯಾಯಿತಿ ಉಂಟು. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಪಡೆದು ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ತೋರಿಸಬೇಕು. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ತುರ್ತು ಸಂದರ್ಭದಲ್ಲಿ 108 ಆಂಬುಲೆನ್ಸ್‌ಗೆ ಹಣ ಕೊಡಬೇಕಿಲ್ಲ. ಜನೌಷಧಿ ಅಂಗಡಿಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ ಮೊದಲಾದವುಗಳ ಜೆನೆರಿಕ್ ಔಷಧಗಳು ಸಾಮಾನ್ಯವಾಗಿ ಅರ್ಧ ಬೆಲೆಗೆ ಅಥವಾ ಅದಕ್ಕಿಂತ ಕಡಿಮೆಗೆ ದೊರೆಯುತ್ತವೆ. "ಇದೇ ಔಷಧದ ಜೆನೆರಿಕ್ ಹೆಸರು ಬರೆದುಕೊಡಿ" ಎಂದು ವೈದ್ಯರನ್ನು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಕ್ಷಯರೋಗಕ್ಕೆ ಔಷಧ ಉಚಿತವಾಗಿರುವುದಲ್ಲದೆ, ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ತಿಂಗಳಿಗೆ 1,000 ರೂಪಾಯಿ ರೋಗಿಯ ಖಾತೆಗೆ ಬರುತ್ತದೆ. ದೊಡ್ಡ ಸರ್ಕಾರಿ ಆಸ್ಪತ್ರೆಗಳ ಸಮೀಪ ಧರ್ಮಶಾಲೆಗಳಿವೆ. ಲಾಡ್ಜ್ ಹಿಡಿಯುವ ಮೊದಲು ಆಸ್ಪತ್ರೆಯ ಸಮಾಜಕಾರ್ಯಕರ್ತರನ್ನು ಕಂಡರೆ ಅವರು ಇಂತಹ ವಿವರಗಳನ್ನು ತಿಳಿಸುತ್ತಾರೆ.

ಯಾವುದು ಮೊದಲು, ಯಾವುದು ಕೊನೆಗೆ

ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಹಾವೇರಿ ಸೀಮೆಯ ಹಳ್ಳಿ. ಮೂರು ಎಕರೆ ಬೆದ್ದಲು ಹೊಲ. ತಾಯಿಗೆ ಸ್ತನ ಕ್ಯಾನ್ಸರ್. ಒಬ್ಬನೇ ಮಗ, ಸೊಸೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಒಂದು ಎಕರೆ ಮಾರಿ ಮರುದಿನವೇ ನಗರಕ್ಕೆ ಹೋಗೋಣವೆಂದು ಮಗ ಹೊರಡುತ್ತಾನೆ. ಅವನ ಪ್ರೀತಿ ದೊಡ್ಡದು, ಆದರೆ ಕ್ರಮ ಸರಿಯಲ್ಲ. ಮೊದಲ ಕೆಲಸ ಜಿಲ್ಲಾಸ್ಪತ್ರೆಗೆ ಹೋಗಿ ರೆಫರಲ್ ಪಡೆಯುವುದು. ಎರಡನೆಯದು ಆರೋಗ್ಯಮಿತ್ರರನ್ನು ಕಂಡು ಯೋಜನೆಯಲ್ಲಿ ಎಷ್ಟು ಸಿಗುತ್ತದೆಂದು ತಿಳಿಯುವುದು. ಮೂರನೆಯದು ಇಡೀ ಚಿಕಿತ್ಸೆಗೆ ತಗಲುವ ಕಾಲ ಮತ್ತು ಹಣದ ಅಂದಾಜನ್ನು ವೈದ್ಯರಿಂದ ಬರೆಸಿಕೊಳ್ಳುವುದು. ಇದಕ್ಕೆ ಹೆಚ್ಚು ದಿನಗಳು ಬೇಕಾಗುವುದಿಲ್ಲ. ಆಮೇಲೂ ಕೊರತೆ ಉಳಿದರೆ ಪರಿಹಾರ ನಿಧಿ, ಅನಂತರ ಬಂಧುಗಳ ಕೈಗಡ, ಬಳಿಕ ಬ್ಯಾಂಕಿನಲ್ಲೋ ಸಹಕಾರ ಸಂಘದಲ್ಲೋ ಚಿನ್ನದ ಮೇಲಿನ ಸಾಲ. ಹೊಲದ ಮಾರಾಟ ಎಲ್ಲಕ್ಕಿಂತ ಕೊನೆಗೆ. ಚಿನ್ನವನ್ನು ಬಿಡಿಸಿಕೊಳ್ಳಬಹುದು, ಅವಸರದಲ್ಲಿ ಅಗ್ಗಕ್ಕೆ ಹೋದ ಹೊಲ ಹಿಂದಿರುಗುವುದು ಕಷ್ಟ. ತಾಯಿ ಗುಣಮುಖರಾಗಿ ಮನೆಗೆ ಬಂದಾಗ ಅನ್ನ ಹುಟ್ಟುವ ನೆಲ ಉಳಿದಿರಬೇಕಲ್ಲವೇ?

ಮೀಟರ್ ಬಡ್ಡಿಯವರಿಂದಲೂ ಪರವಾನಗಿಯಿಲ್ಲದ ಸಾಲದವರಿಂದಲೂ ದೂರವಿರಬೇಕು. ಸಾಲ ವಸೂಲಿಗಾಗಿ ಬೆದರಿಸುವುದನ್ನು ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲಿ ಕಿರುಸಾಲ ಮತ್ತು ಸಣ್ಣ ಸಾಲಗಳ ಬಗ್ಗೆ ಕಾನೂನು ಬಂದಿದೆ. ಕಿರುಕುಳ ಅನುಭವಿಸುವವರು ಪೊಲೀಸರಿಗೆ ದೂರು ಕೊಡಬಹುದು. ಪರಿಹಾರ ನಿಧಿಯ ಹಣ ಬೇಗ ಕೊಡಿಸುತ್ತೇವೆಂದು ಕಮಿಷನ್ ಕೇಳುವವರನ್ನು ನಂಬಬೇಡಿ. ಅರ್ಜಿಗೆ ಶುಲ್ಕವಿಲ್ಲ.

ಇನ್ನೊಂದು ಮಾತನ್ನು ಆಡಲು ಮನಸ್ಸು ಹಿಂಜರಿಯುತ್ತದೆ, ಆದರೂ ಆಡಲೇಬೇಕು. ಕಾಯಿಲೆ ಬಹಳ ಮುಂದುವರಿದಿರುವಾಗ, "ಈ ಚಿಕಿತ್ಸೆಯಿಂದ ಆಗುವ ಪ್ರಯೋಜನವೇನು? ಎಷ್ಟು ಕಾಲ? ಎಷ್ಟು ನೋವು?" ಎಂದು ವೈದ್ಯರನ್ನು ನೇರವಾಗಿ ಕೇಳುವುದು ರೋಗಿಯ ಮೇಲಿನ ಪ್ರೀತಿಗೆ ಕುಂದಲ್ಲ. ಗುಣವಾಗದ ಹಂತದಲ್ಲಿ ನೋವು ನೀಗಿಸುವ ಉಪಶಾಮಕ ಆರೈಕೆ ಎಂಬ ವೈದ್ಯಕೀಯ ವಿಭಾಗವೇ ಇದೆ. ಬೆಂಗಳೂರಿನ ಕರುಣಾಶ್ರಯವು ಇಂತಹ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಕೊನೆಯ ದಿನಗಳನ್ನು ಯಂತ್ರಗಳ ನಡುವೆ ಕಳೆಯಬೇಕೇ, ತಮ್ಮವರ ನಡುವೆ ಕಳೆಯಬೇಕೇ ಎಂಬುದನ್ನು ರೋಗಿಯ ಇಚ್ಛೆಯನ್ನೂ ಕೇಳಿ ನಿರ್ಧರಿಸಬೇಕು. ಎಷ್ಟೋ ಹಿರಿಯರು ಮಕ್ಕಳಿಗೆ ಸಾಲ ಉಳಿಸಿ ಹೋಗಲು ಬಯಸುವುದಿಲ್ಲ. ಅವರನ್ನು ಯಾರೂ ಕೇಳುವುದಿಲ್ಲವಷ್ಟೇ.

ಕೇಳುವುದರಲ್ಲಿ ಅವಮಾನವಿಲ್ಲ

ನೀಡುವ ಕೈಯಾಗಿ ಬಾಳಿದವರಿಗೆ ಚಾಚುವ ಕೈಯಾಗುವುದು ಕಷ್ಟ. ಆದರೆ ಸರ್ಕಾರದ ಯೋಜನೆಗಳು ಭಿಕ್ಷೆಯಲ್ಲ; ನಾವೆಲ್ಲ ಕಟ್ಟಿದ ತೆರಿಗೆಯಿಂದ ನಮಗೇ ಬರುವ ಪಾಲು. ಸಮಾಜದ ನೆರವೂ ಹಾಗೆಯೇ. ದಾಸೋಹದಲ್ಲಿ ಕೊಡುವವರು ದೊಡ್ಡವರಲ್ಲ, ಪಡೆಯುವವರು ಸಣ್ಣವರಲ್ಲ. ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಲು ಹೇಳಿದ ಪ್ರಸಂಗ ನಮಗೆಲ್ಲ ತಿಳಿದದ್ದೇ. ಅಗತ್ಯವಿದ್ದಷ್ಟನ್ನು ಸಂಕೋಚವಿಲ್ಲದೆ ಕೇಳುವುದು, ಬಂದದ್ದಕ್ಕೆ ಲೆಕ್ಕ ಇಡುವುದು, ಉಳಿದದ್ದನ್ನು ಇನ್ನೊಬ್ಬ ರೋಗಿಗೆ ಮುಟ್ಟಿಸುವುದು ಆ ಪ್ರಸಂಗದಿಂದ ನಾವು ಕಲಿಯಬಹುದಾದ ಪಾಠ. ಮೊಬೈಲ್ ಮೂಲಕ ಸಾರ್ವಜನಿಕರಿಂದ ಹಣ ಸಂಗ್ರಹಿಸುವವರೂ ಈ ನಿಯಮವನ್ನು ಪಾಲಿಸಬೇಕು. ಸಾಧ್ಯವಾದರೆ ಹಣ ನೇರವಾಗಿ ಆಸ್ಪತ್ರೆಯ ಖಾತೆಗೆ ಹೋಗುವಂತೆ ಮಾಡಿದರೆ ಕೊಡುವವರಿಗೂ ನಂಬಿಕೆ ಬರುತ್ತದೆ.

ನೆರೆಹೊರೆಯವರಾಗಿ ನಾವು ಮಾಡಬಹುದಾದುದೂ ಬಹಳಷ್ಟಿದೆ. ಆಸ್ಪತ್ರೆಗೆ ಹಣ್ಣು ಹಿಡಿದು ಹೋಗಿ, "ಏನಾದರೂ ಬೇಕಿದ್ದರೆ ಹೇಳ್ರಿ" ಎಂದು ಬರುವುದು ವಾಡಿಕೆ. ಕಷ್ಟದಲ್ಲಿರುವವರು ಅದಕ್ಕೆ "ಏನೂ ಬೇಡ್ರಿ" ಎಂದೇ ಹೇಳುತ್ತಾರೆ. ಅದರ ಬದಲು ಓದುಬರಹ ಬಲ್ಲವರೊಬ್ಬರು ಅರ್ಜಿಗಳನ್ನು ತುಂಬಿಕೊಡಬಹುದು. ಒಬ್ಬರು ನಾಡಕಚೇರಿಗೆ ಹೋಗಿ ಆದಾಯ ಪ್ರಮಾಣಪತ್ರದ ಕೆಲಸ ನೋಡಬಹುದು. ಇನ್ನೊಬ್ಬರು ಒಂದು ರಾತ್ರಿ ರೋಗಿಯ ಬಳಿ ಇದ್ದು ಮನೆಯವರಿಗೆ ನಿದ್ರೆಯ ಬಿಡುವು ಕೊಡಬಹುದು. ಬಿತ್ತನೆಯ ಕಾಲದಲ್ಲಿ ಮುಯ್ಯಾಳಾಗಿ ದುಡಿಯುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಬಂದದ್ದು. ಆರೈಕೆಯಲ್ಲಿ ತೊಡಗಿದವರ ಹೊಲವನ್ನು ಊರವರು ಸೇರಿ ಒಂದು ದಿನದಲ್ಲಿ ಬಿತ್ತಿಕೊಟ್ಟರೆ ಅದರ ಬೆಲೆ ಹಣಕ್ಕಿಂತ ಹೆಚ್ಚು.

ಆರೈಕೆ ಮಾಡುವವರು ಒಂದು ಕಡತವನ್ನು ಇಟ್ಟುಕೊಳ್ಳಬೇಕು. ರೆಫರಲ್ ಪತ್ರ, ಪರೀಕ್ಷಾ ವರದಿಗಳು, ಬಿಡುಗಡೆ ಪತ್ರ, ಮೂಲ ರಸೀದಿಗಳು, ಗುರುತಿನ ದಾಖಲೆಗಳ ಐದಾರು ಪ್ರತಿಗಳು ಅದರಲ್ಲಿರಲಿ. ಯಾರನ್ನು ಯಾವ ದಿನ ಕಂಡೆವು, ಏನು ಹೇಳಿದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಯಾವ ಮೂಲ ರಸೀದಿಯನ್ನೂ ಪ್ರತಿ ಇಟ್ಟುಕೊಳ್ಳದೆ ಕೊಡಬಾರದು. ತಮ್ಮ ಊಟ, ನಿದ್ರೆ, ಔಷಧಗಳನ್ನೂ ಮರೆಯಬಾರದು; ಆರೈಕೆ ಮಾಡುವವರು ಹಾಸಿಗೆ ಹಿಡಿದರೆ ಮನೆಯ ಖರ್ಚು ಇಮ್ಮಡಿಯಾಗುತ್ತದೆ.

ಈ ಲೇಖನವನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಇಂದು ಎಲ್ಲರೂ ಆರೋಗ್ಯವಾಗಿರಬಹುದು. ಹಾಗಿದ್ದರೆ ಈ ವಾರ ಎರಡು ಕೆಲಸ ಮಾಡಿರಿ. ಮನೆಯ ಪ್ರತಿಯೊಬ್ಬರ ಆಧಾರ್ ಮತ್ತು ಪಡಿತರ ಚೀಟಿಯ ಹೆಸರುಗಳು ತಾಳೆಯಾಗುತ್ತವೆಯೇ ಎಂದು ನೋಡಿರಿ. ಆಯುಷ್ಮಾನ್ ಕಾರ್ಡ್ ಇಲ್ಲದವರಿಗೆ ಮಾಡಿಸಿರಿ. ನಿಮ್ಮ ಓಣಿಯಲ್ಲಿ ಯಾರದೋ ಮನೆಯಲ್ಲಿ ರೋಗಿಯೊಬ್ಬರಿದ್ದರೆ ಈ ಪುಟಗಳನ್ನು ಅವರಿಗೆ ಓದಿ ಹೇಳಿರಿ.